ಕಲ್ಲು ಬೆಳಗೋಡಲ್ಲಿ, ಪುಸ್ತಕ ಬೆಂಗಳೂರಲ್ಲಿ

ಇವತ್ತಿನ ಸಂಚಿಕೆಯಲ್ಲಿ ರಾಜರ ಕಥೆ ಕಮ್ಮಿ. ಒಂದು ಕಲ್ಲು, ಒಂದು ಗುಂಡಿ, ಆಮೇಲೆ ಬೆಂಗಳೂರಿನ ಒಂದು ಹಳೇ ಲೈಬ್ರರಿ.

ನಮ್ಮೂರ ಕಡೆ, ಅಂದ್ರೆ ಸಕಲೇಶಪುರ ತಾಲ್ಲೂಕಿನ ಬೆಳಗೋಡು ಹೋಬಳಿಯಲ್ಲಿ, ಒಂದು ಹಳೇ ಕೆರೆ ಏರಿ ಮೇಲೆ ಒಂದು ಕಲ್ಲಿತ್ತು. ಎದೆಮಟ್ಟದ ಎತ್ತರ. ಕೆಳಗಿನ ಹಂತದಲ್ಲಿ ಕತ್ತಿ ಹಿಡಿದ ಒಬ್ಬ ಮನುಷ್ಯ. ನಡುವೆ ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿರುವ ಹೆಂಗಸರು. ಮೇಲೆ ಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಹಂತಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಅಕ್ಷರ, ಮಳೆಗೆ ಸವೆದು ಅರ್ಧ ಮಾಯವಾಗಿದ್ದವು. ಚಿಕ್ಕವರಿದ್ದಾಗ ನಾವು ಅದಕ್ಕೆ ಒರಗಿಕೊಂಡೇ ಗಾಳ ಹಾಕ್ತಿದ್ವಿ. ಅಜ್ಜಿ ವರ್ಷಕ್ಕೊಂದು ಸಲ ಅದಕ್ಕೆ ಎಣ್ಣೆ ಹಚ್ಚಿ ಹೂ ಇಡ್ತಿದ್ರು. “ಇದು ಯಾರಜ್ಜಿ?” ಅಂದ್ರೆ, “ನಮಗಿಂತ ಮುಂಚೆ ಇದ್ದೋರು ಮಗಾ” ಅನ್ನೋರು, ಅಷ್ಟೇ.

ಮೂರು ವರ್ಷದ ಹಿಂದೆ, ಅಮಾವಾಸ್ಯೆಯ ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಕಲ್ಲು ಮಲಗಿತ್ತು. ಬುಡದಲ್ಲಿ ಸೊಂಟದಾಳದ ಗುಂಡಿ. ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ. ಮೇಲಿನ ಮೂಲೆ ಮುರಿದು, ಚಂದ್ರ ಇದ್ದ ತುಂಡು ಬೇರೆಯಾಗಿ ಬಿದ್ದಿತ್ತು. ಯಾರೋ ರಾತ್ರಿ ಬಂದು ನಿಧಿ ಹುಡುಕಿದ್ರು.

ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದ ಯಾರಿಗೂ ಇದು ಹೊಸದಲ್ಲ. ಅಕ್ಷರ ಕೆತ್ತಿದ ಕಲ್ಲು ಅಂದ್ರೆ ಅದು ನಿಧಿಯ ವಿಳಾಸ ಅನ್ನೋ ನಂಬಿಕೆ ಊರೂರಲ್ಲಿ ಇದೆ. ನನಗೆ ಕಾಡಿದ್ದು ಏನು ಅಂದ್ರೆ, ಗುಂಡಿ ತೋಡಿದವನಿಗೂ ಆ ಕಲ್ಲಲ್ಲಿ ಏನು ಬರೆದಿದೆ ಅಂತ ಗೊತ್ತಿರಲಿಲ್ಲ, ಎಣ್ಣೆ ಹಚ್ಚಿದ ಅಜ್ಜಿಗೂ ಗೊತ್ತಿರಲಿಲ್ಲ, ಬಿ.ಕಾಂ. ಮುಗಿಸಿ ಇತಿಹಾಸದ ಪಾಡ್‌ಕಾಸ್ಟ್ ಮಾಡೋ ನನಗೂ ಗೊತ್ತಿರಲಿಲ್ಲ.

ಸರಿ, ಮೊದಲು ಫೋನ್ ತೆಗೆದೆ.

ಮೈಸೂರು ಸಂಸ್ಥಾನದ ಶಾಸನಗಳನ್ನು ಒಟ್ಟುಮಾಡಿದ ದೊಡ್ಡ ಕೆಲಸ ಬಿ. ಎಲ್. ರೈಸ್ ಅವರದು. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು, ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅವರು ಮತ್ತು ಅವರ ಜೊತೆಗಿದ್ದ ಪಂಡಿತರು ಊರೂರು ಸುತ್ತಿ ಪ್ರತಿ ತೆಗೆದ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನೋ ಹೆಸರಲ್ಲಿ 12 ಸಂಪುಟಗಳಾಗಿ ಬಂದವು. ಒಟ್ಟು ಸುಮಾರು 9,000 ಶಾಸನ. ಹಾಸನ ಜಿಲ್ಲೆಯದು ಐದನೇ ಸಂಪುಟ, 1902ರಲ್ಲಿ ಅಚ್ಚಾಗಿದ್ದು, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಲ್ಲಿ. ಅದರ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ಡೌನ್‌ಲೋಡ್ ಮಾಡಿ, ಸರ್ಚಲ್ಲಿ ಸಕಲೇಶಪುರ ಅಂತ ಹೊಡೆದೆ. ತಾಲ್ಲೂಕುಗಳ ಪಟ್ಟಿಯಲ್ಲಿ ಆ ಹೆಸರೇ ಇಲ್ಲ!

ಅರ್ಧ ದಿನ ಹಾಳಾದ ಮೇಲೆ ಹೊಳೀತು: ಆಗ ನಮ್ಮ ತಾಲ್ಲೂಕಿನ ಹೆಸರು ಸಕಲೇಶಪುರ ಅಲ್ಲ, ಮಂಜರಾಬಾದ್. ಗುಡ್ಡದ ಮೇಲಿನ ನಕ್ಷತ್ರದ ಆಕಾರದ ಕೋಟೆ ನೋಡಿದ್ದೀರಲ್ಲ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಅದೇ ಹೆಸರು. ರೈಸ್ ಸಂಪುಟದಲ್ಲಿ ನಮ್ಮ ಕಡೆಯ ಶಾಸನಗಳೆಲ್ಲ ಮಂಜರಾಬಾದ್ ತಾಲ್ಲೂಕು ಅನ್ನೋ ತಲೆಬರಹದ ಕೆಳಗಿವೆ. ಕಂಪ್ಯೂಟರ್‌ಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಊರ ಹೆಸರುಗಳ ಕಾಗುಣಿತ ಬೇರೆ, ಹಳೇ ಅಚ್ಚು ಸ್ಕ್ಯಾನಲ್ಲಿ ಕಲಸಿಹೋಗಿದೆ. ಸರ್ಚ್ ಕೆಲಸ ಮಾಡಬೇಕಾದ್ರೆ ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ನನಗೆ ಅದೇ ಗೊತ್ತಿರಲಿಲ್ಲ.

ಹಾಗಾಗಿ ಬೆಂಗಳೂರಲ್ಲಿ ಒಂದು ಶನಿವಾರ ಕಾಲ್ನಡಿಗೆಯಲ್ಲಿ ಹೊರಟೆ. ನೀವೂ ಈ ನಡಿಗೆ ಮಾಡಬಹುದು, ಒಂದು ರೂಪಾಯಿ ಆಟೋ ಖರ್ಚಿಲ್ಲ.

ಮೊದಲ ನಿಲ್ದಾಣ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ, 1865ರಲ್ಲಿ ಶುರುವಾಗಿದ್ದು. ಅಲ್ಲಿ ಮಂಡ್ಯ ಜಿಲ್ಲೆ ಆತಕೂರಿನ ಕಲ್ಲಿದೆ. ಕ್ರಿ.ಶ. 949ರ ಸುಮಾರಿನದು. ಅದು ಒಂದು ನಾಯಿಗೆ ನಿಲ್ಲಿಸಿದ ಕಲ್ಲು. ನಾಯಿಯ ಹೆಸರು ಕಾಳಿ, ಕಾಡುಹಂದಿ ಜೊತೆ ಹೋರಾಡಿ ಸತ್ತಿದ್ದು. ಗಂಗರ ಬೂತುಗನ ಕಡೆಯ ವೀರ ಮಣಲೇರ ತನ್ನ ನಾಯಿಗೋಸ್ಕರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರು ತಕ್ಕೋಲದಲ್ಲಿ ಚೋಳರ ವಿರುದ್ಧ ಗೆದ್ದ ದೊಡ್ಡ ಯುದ್ಧದ ಸುದ್ದಿಯೂ ಇದೆ. ನಾಯಿಯ ಹೆಸರು ಸಾವಿರ ವರ್ಷ ದಾಟಿ ನಮಗೆ ತಲುಪಿದೆ. ನಮ್ಮ ಕೆರೆ ಏರಿಯ ಮನುಷ್ಯನ ಹೆಸರು ನಮಗೇ ಗೊತ್ತಿಲ್ಲ. ಆ ಕಲ್ಲಿನ ಮುಂದೆ ನಿಂತಾಗ ಹೊಟ್ಟೆಕಿಚ್ಚಾಯ್ತು ಅಂದ್ರೆ ಸುಳ್ಳಲ್ಲ.

ಎರಡನೇ ನಿಲ್ದಾಣ ಕಬ್ಬನ್ ಪಾರ್ಕ್ ಒಳಗಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಮೆಮೋರಿಯಲ್ ಹಾಲ್. 1915ರದು. ಈಗ ಅದು ರಾಜ್ಯ ಕೇಂದ್ರ ಗ್ರಂಥಾಲಯ. ಪೇಪರ್ ಓದೋ ಹಿರಿಯರು, ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು, ಎಲ್ಲರಿಗೂ ಬಾಗಿಲು ತೆಗೆದಿರೋ ಜಾಗ. ನಾನು ಹೋಗಿ ಹಾಸನ ಜಿಲ್ಲೆಯ ವೀರಗಲ್ಲು ಅಂದೆ. ಗೆಜೆಟಿಯರ್ ನೋಡಿದೆ, ಒಂದೆರಡು ಟಿಪ್ಪಣಿ ಮಾಡ್ಕೊಂಡೆ. ಪಕ್ಕದಲ್ಲಿ ಓದುತ್ತಿದ್ದ ಒಬ್ಬ ಹಿರಿಯರು ನನ್ನ ಟಿಪ್ಪಣಿ ಇಣುಕಿ ನೋಡಿ ಹೇಳಿದ್ರು: “ಕಲ್ಲಿನ ಬೆನ್ನು ಹತ್ತಿದ್ದೀರಾ? ಹಾಗಾದ್ರೆ ಮಿಥಿಕ್ ಸೊಸೈಟಿಗೆ ಹೋಗಿ. ಇಲ್ಲೇ, ನಡ್ಕೊಂಡು ಹೋಗೋ ದೂರ.”

ಮೂರನೇ ನಿಲ್ದಾಣ ಅದೇ. ನೃಪತುಂಗ ರಸ್ತೆ, ರಿಸರ್ವ್ ಬ್ಯಾಂಕ್ ಇರೋ ರಸ್ತೆ. ಅಲ್ಲಿ ಡೇಲಿ ಮೆಮೋರಿಯಲ್ ಹಾಲ್. ನಾನು ಆ ರಸ್ತೆಯಲ್ಲಿ ನೂರು ಸಲ ಓಡಾಡಿದ್ದೆ, ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ.

ಮಿಥಿಕ್ ಸೊಸೈಟಿ ಶುರುವಾಗಿದ್ದು 1909ರಲ್ಲಿ. ಆಗ ಬೆಂಗಳೂರಿನ ದಂಡು ಪ್ರದೇಶದ ಕಲೆಕ್ಟರ್ ಆಗಿದ್ದ ಎಫ್. ಜೆ. ರಿಚರ್ಡ್ಸ್ ಇದರ ಮುಂದಾಳು. ಹೆಸರು ಕೇಳಿದ್ರೆ ಪುರಾಣದ ಕಥೆ ಹೇಳೋ ಸಂಘ ಅನ್ನಿಸುತ್ತೆ. ಆದರೆ ಕೆಲಸ ಇದ್ದದ್ದು ಮೈಸೂರು ಮತ್ತು ಸುತ್ತಲಿನ ನಾಡಿನ ಇತಿಹಾಸ, ಪುರಾತತ್ವ, ಜನಜೀವನ, ಧರ್ಮ ಇವುಗಳ ಮೇಲೆ. ಪ್ರಬಂಧ ಓದೋದು, ಚರ್ಚೆ ಮಾಡೋದು, ಮೂರು ತಿಂಗಳಿಗೊಮ್ಮೆ ಅದನ್ನು ಪತ್ರಿಕೆಯಾಗಿ ಅಚ್ಚು ಹಾಕೋದು. ಆ ತ್ರೈಮಾಸಿಕ ನೂರು ವರ್ಷ ದಾಟಿದೆ. ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಡ 1917ರ ಹೊತ್ತಿಗೆ ಎದ್ದಿತು. 1910ರಿಂದ 1916ರವರೆಗೆ ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಹ್ಯೂ ಡೇಲಿ ಅವರ ಹೆಸರಿಟ್ಟರು.

ಇಂಥ ಸೊಸೈಟಿಗಳ ಲೈಬ್ರರಿ ಬೆಳೆಯೋ ರೀತಿ ಮಜವಾಗಿದೆ. ಸಾಮಾನ್ಯ ಲೈಬ್ರರಿ ಜನ ಕೇಳೋ ಪುಸ್ತಕ ತರಿಸುತ್ತೆ. ಸೊಸೈಟಿ ತನ್ನ ಪತ್ರಿಕೆಯನ್ನು ಬೇರೆ ಸೊಸೈಟಿಗಳಿಗೆ ಕಳಿಸುತ್ತೆ, ಅವರು ತಮ್ಮದನ್ನು ಇವರಿಗೆ ಕಳಿಸ್ತಾರೆ. ಪುಸ್ತಕಕ್ಕೆ ಪುಸ್ತಕ, ಕಾಸು ಕೈ ಬದಲಾಗಲ್ಲ. ಸದಸ್ಯರು ತೀರಿಕೊಂಡಾಗ ಅವರ ಮನೆಯವರು ಕಪಾಟು ಕೊಟ್ಟು ಹೋಗ್ತಾರೆ. ಇಲಾಖೆಯ ವಾರ್ಷಿಕ ವರದಿಗಳು, ಬೇರೆ ಯಾರೂ ಎತ್ತಿಡದವು, ಇಲ್ಲಿ ಸಾಲಾಗಿ ನಿಂತಿರ್ತವೆ. ಮಾರ್ಕೆಟ್ಟಲ್ಲಿ ಬೇಡಿಕೆ ಇಲ್ಲದ ಸರಕನ್ನು ನೂರು ವರ್ಷ ಸ್ಟಾಕ್ ಇಟ್ಟುಕೊಳ್ಳೋದು ಅಂದ್ರೆ ಕಾಮರ್ಸ್ ಓದಿದ ನನಗೆ ಮೊದಲು ನಷ್ಟದ ವ್ಯಾಪಾರ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಆ ಸ್ಟಾಕಿಗೆ ಗಿರಾಕಿ ನಾನೇ, ಬರೋದು ನೂರು ವರ್ಷ ತಡ ಆಗಿದೆ ಅಷ್ಟೇ.

ಸದಸ್ಯರಲ್ಲದವರೂ ಕೂತು ಓದಬಹುದಾ ಅಂತ ಮೊದಲೇ ಕೇಳಿಕೊಂಡಿದ್ದೆ. ನನಗೆ ಆ ಭಯ ಇತ್ತು. ಹಿಂದೊಮ್ಮೆ ಬೇರೆಲ್ಲೋ, ಹೆಸರು ಬೇಡ, “ಯಾವ ಯೂನಿವರ್ಸಿಟಿ, ಯಾರ ಪತ್ರ ತಂದಿದ್ದೀರಿ” ಅಂತ ಕೇಳಿ ವಾಪಸ್ ಕಳಿಸಿದ್ರು. ಇಲ್ಲಿ ಹಾಗಾಗಲಿಲ್ಲ. ಹಾಸನ ಸಂಪುಟ ಮೇಜಿನ ಮೇಲೆ ಬಂತು. ಬರೀ ಅದೊಂದೇ ಅಲ್ಲ. “ಇದರ ಜೊತೆ ಇವನ್ನೂ ನೋಡಿ” ಅಂತ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳ ಕಡೆ ಕೈ ತೋರಿಸಿದ್ರು. ನನ್ನ ಫೋನಿನ ಪಿಡಿಎಫ್ ಈ ಮಾತು ಯಾವತ್ತೂ ಹೇಳಿರಲಿಲ್ಲ.

ಈಗ ಆ ಸಂಪುಟ ಓದೋದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ನಿಮಗೂ ಬೇಕಾಗಬಹುದು. ಒಂದೇ ಶಾಸನ ಮೂರು ರೂಪದಲ್ಲಿ ಇರುತ್ತೆ: ಕನ್ನಡ ಲಿಪಿಯಲ್ಲಿ ಮೂಲ, ರೋಮನ್ ಲಿಪಿಯಲ್ಲಿ ಅದೇ ಪಠ್ಯ, ಆಮೇಲೆ ಇಂಗ್ಲಿಷ್ ಅನುವಾದ. ಜೋಡಿಸಿರೋದು ತಾಲ್ಲೂಕುವಾರು, ಪ್ರತಿ ತಾಲ್ಲೂಕಿನಲ್ಲಿ ಶಾಸನಕ್ಕೊಂದು ನಂಬರ್. ಹಾಗಾಗಿ ಮೊದಲು ನಿಮ್ಮ ತಾಲ್ಲೂಕಿಗೆ ಆಗ ಯಾವ ಹೆಸರಿತ್ತು ಅಂತ ತಿಳ್ಕೊಳ್ಳಿ. ಆಮೇಲೆ ಊರಿನ ಹೆಸರು. ಇಸವಿ ಶಕವರ್ಷದಲ್ಲಿ ಇದ್ರೆ 78 ಕೂಡಿಸಿ, ಸಾಮಾನ್ಯವಾಗಿ ಕ್ರಿಸ್ತಶಕ ಬರುತ್ತೆ. ಶಕ 1039 ಅಂದ್ರೆ 1117, ಬೇಲೂರಿನ ಚನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾದ ವರ್ಷ.

ಶಾಸನಗಳನ್ನು ಒಂದರ ಹಿಂದೆ ಒಂದು ಓದ್ತಾ ಹೋದಂಗೆ ನನಗೆ ಅನ್ನಿಸಿದ್ದು, ಇವು ಲೆಡ್ಜರ್ ಪುಟಗಳು. ತಾರೀಖು ಇದೆ. ಆಳುತ್ತಿದ್ದ ರಾಜನ ಹೆಸರಿದೆ. ಕೊಟ್ಟವರು ಯಾರು, ತಗೊಂಡವರು ಯಾರು, ಕೊಟ್ಟಿದ್ದು ಏನು, ಅದರ ಗಡಿ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು, ಮಾತು ಮುರಿದವನಿಗೆ ಯಾವ ಪಾಪ. ಕೊನೆಗೆ ಕೆಲವದರಲ್ಲಿ ಕೆತ್ತಿದವನ ಸಹಿ ಕೂಡ. ಸೂರ್ಯ ಚಂದ್ರರ ಚಿತ್ರಕ್ಕೂ ನಿಧಿಗೂ ಸಂಬಂಧ ಇಲ್ಲ. ಅವು ಇರೋತನಕ ಈ ದಾನ ನಡೀಬೇಕು ಅನ್ನೋದಕ್ಕೆ ಗುರುತು. ಅಂದ್ರೆ ನಮ್ಮೂರಲ್ಲಿ ಗುಂಡಿ ತೋಡಿದವನು ಕರಾರು ಪತ್ರವನ್ನು ನಿಧಿಯ ನಕ್ಷೆ ಅಂದ್ಕೊಂಡಿದ್ದ.

ವೀರಗಲ್ಲುಗಳದ್ದು ಇನ್ನೊಂದು ಲೆಕ್ಕ. ಅಲ್ಲಿ ಒಬ್ಬ ಮನುಷ್ಯ ಯಾಕೆ ಸತ್ತ ಅನ್ನೋದು ಮುಖ್ಯ. ತುರುಗೊಳ್ ಅನ್ನೋ ಪದ ಮತ್ತೆ ಮತ್ತೆ ಸಿಗುತ್ತೆ, ಅಂದ್ರೆ ಶತ್ರುಗಳು ದನದ ಹಿಂಡು ಹೊಡ್ಕೊಂಡು ಹೋಗೋದು. ಊರಳಿವು ಅಂದ್ರೆ ಊರನ್ನೇ ಹಾಳು ಮಾಡೋ ದಾಳಿ. ಪೆಣ್ಬುಯ್ಯಲ್ ಅಂದ್ರೆ ಹೆಂಗಸರ ಮೊರೆ, ಅವರನ್ನು ಕಾಪಾಡೋಕೆ ಹೋಗಿ ಸತ್ತವರ ಕಲ್ಲು. ಹಾಗೆ ಸತ್ತವನ ಮನೆಯವರಿಗೆ ಊರು ಭೂಮಿ ಕೊಡ್ತಿತ್ತು, ಅದಕ್ಕೆ ನೆತ್ತರುಗೊಡಗೆ ಅನ್ನೋರು. ರಕ್ತಕ್ಕೆ ಕೊಟ್ಟ ಗದ್ದೆ. ಈಗಿನ ಭಾಷೆಯಲ್ಲಿ ಪರಿಹಾರ ಧನ.

ಇನ್ನು ಕೆಲವು ಪದ ನನಗೆ ಅರ್ಥವೇ ಆಗಲಿಲ್ಲ. ಖಂಡುಗ, ಕೊಳಗ ಅಂತ ಭೂಮಿ ಅಳತೆ ಬರುತ್ತೆ. ಎಕರೆ ಗುಂಟೆ ಗೊತ್ತು, ಇದು ಗೊತ್ತಿಲ್ಲ. ಸಂಜೆ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಸುಮ್ನೆ ಕೇಳಿದೆ. ಅಜ್ಜಿ ನಕ್ಕುಬಿಟ್ರು. “ಅಷ್ಟೂ ಗೊತ್ತಿಲ್ವಾ ಮಗಾ? ಇಪ್ಪತ್ತು ಕೊಳಗ ಸೇರಿದ್ರೆ ಒಂದು ಖಂಡುಗ. ಖಂಡುಗ ಬೀಜ ಬಿತ್ತೋ ಅಷ್ಟು ಗದ್ದೆ ಅಂದ್ರೆ ಖಂಡುಗದ ಗದ್ದೆ. ನಿಮ್ಮ ಅಜ್ಜಯ್ಯ ಯಾವತ್ತು ಎಕರೆ ಲೆಕ್ಕದಲ್ಲಿ ಮಾತಾಡಿದ್ರು?” ಬೆಂಗಳೂರಿನ ಲೈಬ್ರರಿಯಲ್ಲಿ ಇಡೀ ದಿನ ಕೂತು ಬಿಡಿಸಲಾಗದ ಪದ ಬೆಳಗೋಡಿನ ಅಡುಗೆಮನೆಯಲ್ಲಿ ಇತ್ತು. ಶಾಸನ ಓದದ ಅಜ್ಜಿಯ ಬಾಯಲ್ಲಿ ಶಾಸನದ ಭಾಷೆ ಬದುಕಿತ್ತು.

ಈಗ ನೀವು ಕೇಳಬೇಕು: ಸರಿ, ನಿಮ್ಮ ಕಲ್ಲಲ್ಲಿ ಏನಿತ್ತು?

ಮಂಜರಾಬಾದ್ ಭಾಗದ ಪುಟಗಳನ್ನು ಮೊದಲಿಂದ ಕೊನೆವರೆಗೆ ಬೆರಳಿಟ್ಟು ನೋಡಿದೆ. ನಮ್ಮ ಕೆರೆಯ ಕಲ್ಲು ಇರಲಿಲ್ಲ. ಇನ್ನೊಂದು ಶನಿವಾರ ಹೋಗಿ ವಾರ್ಷಿಕ ವರದಿಗಳಲ್ಲಿ ಹುಡುಕಿದೆ. ಅಲ್ಲೂ ಸಿಗಲಿಲ್ಲ. ಬಹಳ ಬೇಜಾರಾಯ್ತು. ಪುಸ್ತಕದಲ್ಲಿ ಇಲ್ಲ ಅಂದ್ರೆ ಆ ಅಕ್ಷರ ಗಟ್ಟಿಯಾಗಿದ್ದಾಗ ಯಾರೂ ಪ್ರತಿ ತೆಗೆದಿಲ್ಲ ಅಂತ ಅರ್ಥ. ಈಗ ಸವೆದಿದೆ, ಮೇಲಾಗಿ ಮುರಿದಿದೆ. ಆ ಮನುಷ್ಯನ ಹೆಸರು ಹೋಯ್ತು ಅಂದ್ಕೊಂಡೆ.

ಆದರೆ ಅದೇ ವರದಿಗಳ ಸಾಲಲ್ಲಿ 1936ರದ್ದೂ ಇತ್ತು. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಪ್ರಕಟಿಸಿದ್ದು ಅದರಲ್ಲೇ. ಹಲ್ಮಿಡಿ ನಮ್ಮ ಜಿಲ್ಲೆಯದೇ, ಬೇಲೂರು ತಾಲ್ಲೂಕು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು, ಸುಮಾರು ಕ್ರಿ.ಶ. 450ರದು ಅಂತ ಶಾಲೆಯಲ್ಲಿ ಓದಿದ್ದೀವಲ್ಲ. 16 ಸಾಲಿನ ಆ ಬರಹವೂ ಒಬ್ಬ ವೀರನಿಗೆ ಹಳ್ಳಿಗಳನ್ನು ಕೊಟ್ಟ ಲೆಕ್ಕವೇ. ಬಾಳ್ಗಳ್ಚು, ಅಂದ್ರೆ ಕತ್ತಿ ತೊಳೆದದ್ದಕ್ಕೆ ಕೊಟ್ಟ ದತ್ತಿ. ಈಗ ಒಂದು ಕ್ಷಣ ಯೋಚನೆ ಮಾಡಿ. 1902ರ ಹಾಸನ ಸಂಪುಟದಲ್ಲಿ ಹಲ್ಮಿಡಿ ಶಾಸನ ಇಲ್ಲ! ಅಷ್ಟು ದೊಡ್ಡ ಪುಸ್ತಕ ಬಂದು ಮೂವತ್ತು ವರ್ಷ ಕಳೆದ ಮೇಲೂ ಕನ್ನಡದ ಅಂಥಾ ಮುಖ್ಯ ಕಲ್ಲು ಒಂದು ಹಳ್ಳಿಯಲ್ಲಿ ಯಾರೂ ಓದದೆ ನಿಂತಿತ್ತು. ಪುಸ್ತಕದಲ್ಲಿ ಇಲ್ಲ ಅನ್ನೋದು ಕೊನೆಯಲ್ಲ. ಅಲ್ಲಿಂದ ಮುಂದಿನ ಪುಟ ಯಾರೋ ಬರೀಬೇಕು ಅಂತ ಅರ್ಥ.

ಈ ಮಾತು ಬರೀ ಹಳೇ ಕಾಲದ್ದಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಒಂದು ಕಲ್ಲು ಸಿಕ್ಕಿತು. ಕಿತ್ತಯ್ಯ ಅನ್ನೋ ವೀರನದು, ಸುಮಾರು ಕ್ರಿ.ಶ. 750ರದು. ಸಾವಿರದ ಇನ್ನೂರು ವರ್ಷ ಹಳೇ ಹೆಸರು, ಮಣ್ಣಿನ ರಾಶಿಯಲ್ಲಿ ಹೋಗಿಬಿಡ್ತಿತ್ತು. ಅದನ್ನು ಉಳಿಸಿದ್ದು ಸುತ್ತಮುತ್ತಲಿನ ಆಸಕ್ತ ಜನ. 2021ರಿಂದ ಅದೇ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡೋ ಕೆಲಸ ನಡೆಸ್ತಿದೆ. ಬರಿಗಣ್ಣಿಗೆ ಕಾಣದ ಸವೆದ ಅಕ್ಷರ ಸ್ಕ್ಯಾನಲ್ಲಿ ಎದ್ದು ಬರುತ್ತೆ. 1909ರ ಲೈಬ್ರರಿಯ ಕೆಲಸ ಇನ್ನೂ ನಡೀತಾನೇ ಇದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಇಂಥ ವಿಶೇಷ ಪುಸ್ತಕಗಳು ಯಾರ ಕೈಯಲ್ಲಿ ಇರಬೇಕು? ಪಂಡಿತರ ಸೊಸೈಟಿಯಲ್ಲೋ, ಎಲ್ಲರ ಸಾರ್ವಜನಿಕ ಲೈಬ್ರರಿಯಲ್ಲೋ?

ಎರಡೂ ಒಂದೇ ಸೂರಿನ ಕೆಳಗೆ ಇರೋ ಜಾಗ ನೋಡಬೇಕಂದ್ರೆ ಮುಂಬೈಗೆ ಹೋಗಬೇಕು. ಅಲ್ಲಿನ ಟೌನ್ ಹಾಲ್ 1833ರಲ್ಲಿ ಮುಗಿದ ಕಟ್ಟಡ. ಅದರಲ್ಲಿ ಏಷಿಯಾಟಿಕ್ ಸೊಸೈಟಿಯ ಪುಸ್ತಕ ಭಂಡಾರ ಇದೆ, ಅದೇ ಕಟ್ಟಡದಲ್ಲಿ ಮಹಾರಾಷ್ಟ್ರದ ರಾಜ್ಯ ಕೇಂದ್ರ ಗ್ರಂಥಾಲಯವೂ ಇದೆ. ಸೊಸೈಟಿ ಶುರುವಾಗಿದ್ದು 1804ರಲ್ಲಿ. ಕನ್ನಡಿಗರಿಗೆ ಆ ಮನೆ ದೂರದ್ದಲ್ಲ. 1956ರ ತನಕ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬೈ ಆಡಳಿತದಲ್ಲಿದ್ದವು. ಜೆ. ಎಫ್. ಫ್ಲೀಟ್ ಆ ಭಾಗದ ಎಷ್ಟೋ ಕನ್ನಡ ಶಾಸನಗಳನ್ನು ಮೊದಲು ಅಚ್ಚು ಹಾಕಿದ್ದು ಆ ಸೊಸೈಟಿಯ ಪತ್ರಿಕೆಯಲ್ಲೇ.

ಆದರೆ ಆ ಮನೆಯ ಬಾಗಿಲು ಮೊದಲಿಂದ ತೆಗೆದಿರಲಿಲ್ಲ. ಭಾರತದ ಬಗ್ಗೆ ಅಧ್ಯಯನ ಮಾಡೋಕೆ ಅಂತಲೇ ಹುಟ್ಟಿದ ಸೊಸೈಟಿಗೆ ಮೊದಲ ಭಾರತೀಯ ಸದಸ್ಯ, ಮಾಣೆಕ್‌ಜಿ ಕರ್ಸೆಟ್‌ಜಿ, ಸೇರಿದ್ದು 1840ರಲ್ಲಿ. ಶುರುವಾಗಿ 36 ವರ್ಷ ಆದ ಮೇಲೆ. ಕಲ್ಲು ನಮ್ಮದು, ಓದೋ ಕೋಣೆ ಅವರದು. ಸೊಸೈಟಿ ಅನ್ನೋ ವ್ಯವಸ್ಥೆಯ ಕುಂದು ಇದು: ಜೋಪಾನ ಮಾಡುತ್ತೆ, ಆದರೆ ಒಳಗಿನವರು ಹೊರಗಿನವರು ಅಂತ ಗೆರೆ ಎಳೆಯುತ್ತೆ.

ಸಾರ್ವಜನಿಕ ಲೈಬ್ರರಿಯ ಗುಣ ತೋರಿಸೋಕೆ ಮೈಸೂರಿನ ಕಥೆ ಸಾಕು. 1891ರಲ್ಲಿ ಅಲ್ಲಿ ಓರಿಯೆಂಟಲ್ ಲೈಬ್ರರಿ ಶುರುವಾಯ್ತು. ತಂಜಾವೂರು ಕಡೆಯ ಒಬ್ಬ ಪಂಡಿತರು ತಂದುಕೊಟ್ಟ ಒಂದು ತಾಳೆಗರಿ ಕಟ್ಟು ಅಲ್ಲಿ ಸೇರಿತು. ಅಲ್ಲಿನ ಲೈಬ್ರರಿಯನ್ ಆರ್. ಶಾಮಶಾಸ್ತ್ರಿಗಳು ಅದನ್ನು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದ್ರು, 1909ರಲ್ಲಿ ಅಚ್ಚು ಹಾಕಿಸಿದ್ರು. ಮಿಥಿಕ್ ಸೊಸೈಟಿ ಹುಟ್ಟಿದ ಅದೇ ವರ್ಷ. ಆ ಪಂಡಿತರು ಕಟ್ಟನ್ನು ಮನೆಯ ಅಟ್ಟದಲ್ಲೇ ಇಟ್ಟುಕೊಂಡಿದ್ರೆ? ಅಥವಾ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳಂಥ ಓದು ಬಲ್ಲವರು ಇಲ್ಲದಿದ್ರೆ? ಬಾಗಿಲೂ ಬೇಕು, ಬಲ್ಲವರೂ ಬೇಕು. ಯಾವುದೋ ಒಂದು ಇದ್ರೆ ಅರ್ಧ ಕೆಲಸ.

ಇದಕ್ಕೆ ದುಡ್ಡು ಯಾರು ಕೊಡ್ತಾರೆ ಅಂದ್ರೆ, ನಾವೇ. ನಮ್ಮ ರಾಜ್ಯದಲ್ಲಿ ಗ್ರಂಥಾಲಯ ಕಾನೂನು ಬಂದಿದ್ದು 1965ರಲ್ಲಿ. ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳಲ್ಲಿ ಬೆಂಗಳೂರಲ್ಲೇ ಇದ್ದರು. ಬೆಂಗಳೂರಲ್ಲಿ ಆಸ್ತಿ ತೆರಿಗೆ ಕಟ್ಟೋರ ರಸೀದಿ ನೋಡಿ, ಅದರ ಮೇಲೆ ಗ್ರಂಥಾಲಯ ಕರ ಅಂತ ಶೇ 6 ಇರುತ್ತೆ. ಹಳ್ಳಿಗಳಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಲೈಬ್ರರಿಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವುಗಳಿಗೆ ಅರಿವು ಕೇಂದ್ರ ಅಂತ ಹೆಸರು. ಕಟ್ಟಡ ಇದೆ, ಕಂಪ್ಯೂಟರ್ ಇದೆ, ಮಕ್ಕಳು ಬರ್ತಾರೆ. ನಾನು ನೋಡಿದ ಕಪಾಟುಗಳಲ್ಲಿ ಇಲ್ಲದ್ದು ಒಂದೇ: ಆ ಊರಿನ ಬಗ್ಗೆ ಬರೆದಿರೋ ಪುಟ.

ಅದಕ್ಕೆ ನಾವು ಮಾಡಿದ್ದು ಸಣ್ಣ ಕೆಲಸ. ರೈಸ್ ಸಂಪುಟದಲ್ಲಿ ಮಂಜರಾಬಾದ್ ತಾಲ್ಲೂಕಿನ ಪುಟಗಳನ್ನು ಪ್ರಿಂಟ್ ತೆಗೆಸಿದೆ. ಸಕಲೇಶಪುರದ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್. ಮೊದಲ ಹಾಳೆಯಲ್ಲಿ ಕೈಯಲ್ಲೇ ಬರೆದೆ: ಮಂಜರಾಬಾದ್ ಅಂದ್ರೆ ಈಗಿನ ಸಕಲೇಶಪುರ, ಶಕಕ್ಕೆ 78 ಕೂಡಿಸಿ, ಇಪ್ಪತ್ತು ಕೊಳಗ ಅಂದ್ರೆ ಒಂದು ಖಂಡುಗ. ಆ ಕೊನೆಯದನ್ನು ಹೇಳಿಕೊಟ್ಟಿದ್ದು ಅಜ್ಜಿ ಅಂತಲೂ ಬರೆದೆ. ಅದನ್ನು ಊರಿನ ಲೈಬ್ರರಿಯಲ್ಲಿ ಇಟ್ಟು ಬಂದೆ.

ಆಮೇಲೆ ಕಲ್ಲು. ಊರಿನ ಹುಡುಗರು ಹತ್ತು ಜನ ಸೇರಿ, ಹಾರೆ ಹಗ್ಗ ಹಾಕಿ, ಅದನ್ನು ಎತ್ತಿ ನಿಲ್ಲಿಸಿದ್ವಿ. ಸಿಮೆಂಟ್ ಮೆತ್ತಲಿಲ್ಲ, ಬಣ್ಣ ಬಳಿಯಲಿಲ್ಲ. ಮುರಿದ ತುಂಡನ್ನು ಜೋಪಾನವಾಗಿ ಎತ್ತಿಟ್ಟಿದ್ದೀವಿ. ಬೆಳಿಗ್ಗೆ ಓರೆ ಬಿಸಿಲು ಬೀಳೋ ಹೊತ್ತಿಗೆ, ಪಕ್ಕದಲ್ಲಿ ಅಳತೆಗೆ ಸ್ಕೇಲ್ ಇಟ್ಟು ಫೋಟೋ ತೆಗೆದು, ಜಾಗದ ವಿವರದ ಜೊತೆ ಶಾಸನ ಓದಬಲ್ಲವರಿಗೆ ಕಳಿಸಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ಬಂದಾಗ ನಿಮಗೇ ಮೊದಲು ಹೇಳ್ತೀನಿ.

ನಿಮ್ಮೂರಲ್ಲೂ ಇಂಥ ಕಲ್ಲು ಇದ್ದೇ ಇರುತ್ತೆ. ಬಟ್ಟೆ ಒಗೆಯೋ ಕಲ್ಲಾಗಿರಬಹುದು, ಮೋರಿಗೆ ಹಾಸುಗಲ್ಲಾಗಿರಬಹುದು. ಫೋಟೋ ತೆಗೀರಿ. ಸೀಮೆಸುಣ್ಣ ಬಳಿಯಬೇಡಿ, ತಂತಿ ಬ್ರಷ್ಷಲ್ಲಿ ಉಜ್ಜಬೇಡಿ. ಹಳೇ ತಾಲ್ಲೂಕಿನ ಹೆಸರು ಹಿರಿಯರನ್ನು ಕೇಳಿ. ಪಿಡಿಎಫ್ ನೋಡಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಮಿಥಿಕ್ ಸೊಸೈಟಿಯಂಥ ಲೈಬ್ರರಿಗೆ ಹೋಗೋ ಮುಂಚೆ ಫೋನ್ ಮಾಡಿ ಸಮಯ, ನಿಯಮ ಕೇಳಿಕೊಳ್ಳಿ. ಒಂದು ಪುಸ್ತಕ ಕೇಳಿದಾಗ ಅದರ ಪಕ್ಕದ ಪುಸ್ತಕದ ಬೆನ್ನನ್ನೂ ಓದಿ. ಇನ್ನು ಯಾರಾದ್ರೂ ನಿಧಿ ಅಂದ್ರೆ, 1878ರಿಂದ ಒಂದು ಕಾನೂನಿದೆ ಅಂತ ನೆನಪಿಸಿ: ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದ್ರೆ ಕಲೆಕ್ಟರ್‌ಗೆ ತಿಳಿಸಲೇಬೇಕು.

ಕಳೆದ ಸಲ ಊರಿಗೆ ಹೋದಾಗ ಅಜ್ಜಿ ಜೊತೆ ಕೆರೆ ಏರಿಗೆ ಹೋಗಿದ್ದೆ. ನಾನು ಶುರು ಮಾಡಿದೆ, ಇದು ವೀರಗಲ್ಲು ಅಜ್ಜಿ, ಕೆಳಗಿನದು ಯುದ್ಧ, ನಡುವಿನದು ಅಪ್ಸರೆಯರು ಸ್ವರ್ಗಕ್ಕೆ ಕರ್ಕೊಂಡು ಹೋಗ್ತಿರೋದು, ಮೇಲಿನದು ಕೈಲಾಸ. ಅಜ್ಜಿ ಎಣ್ಣೆ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡ್ರು. ಆಮೇಲೆ ಕೇಳಿದ್ರು, “ಅವನ ಹೆಂಡ್ತಿ ಮಕ್ಕಳಿಗೆ ಗದ್ದೆ ಕೊಟ್ರಾ?”

ಅದು ಆ ಎರಡು ಸಾಲಲ್ಲಿ ಇರಬಹುದು. ಓದಿಸ್ತಿದ್ದೀನಿ ಅಜ್ಜಿ ಅಂದೆ.

ಇವತ್ತಿಗೆ ಇಷ್ಟು. ನಿಮ್ಮೂರ ಕಲ್ಲಿನ ಕಥೆ ಇದ್ರೆ ಕಳಿಸಿ.